ಆಕಾಶ ಹೊಡೆದ ಜೋಡು ಗುಂಡು

ಜನವರಿ 9, ಶುಕ್ರವಾರ

ಸೊಸೈಟಿಯವರು ಕೊಟ್ಟ ಈ ಡೈರಿಯಲ್ಲಿ ಇಷ್ಟು ದಿನ ಬ್ಲೌಸಿನ ಅಳತೆ ಮಾತ್ರ ಬರೆಯುತ್ತಿದ್ದೆ. ಇವತ್ತು ಬೇರೆ ಬರೆಯಲೇಬೇಕು, ಇಲ್ಲದಿದ್ದರೆ ಹೊಟ್ಟೆ ಒಡೆದು ಹೋದೀತು!

ಬೆಳಿಗ್ಗೆ ಹನ್ನೊಂದೂಕಾಲು. ಅತ್ತೆಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಮಗ್ಗುಲು ಬದಲಿಸಿ ಹೊಲಿಗೆ ಮೆಷಿನ್ನಿನ ಮುಂದೆ ಆಗಷ್ಟೇ ಕೂತಿದ್ದೆ. ಒಂದು ತೋಳು ಕೂಡ ಹೊಲಿದಿರಲಿಲ್ಲ, ಆಕಾಶದಿಂದ ಧಡಾಲ್ ಎಂದು ಒಂದು ಶಬ್ದ! ಗುಡುಗಲ್ಲ. ಗುಡುಗಾದರೆ ಉರುಳಿಕೊಂಡು ಹೋಗುತ್ತದೆ. ಇದು ಒಂದೇ ಪೆಟ್ಟು. ನನ್ನ ಕೈ ಜಾರಿ ಸೂಜಿ ಪಟ್ಟನೆ ತುಂಡಾಯಿತು. ಅಡುಗೆಮನೆಯಲ್ಲಿ ಲೋಟಗಳೆಲ್ಲ ಗಲಗಲ ಎಂದವು. ನಾಯಿ ಬಾಲ ಮುದುರಿಕೊಂಡು ಕಟ್ಟಿಗೆ ರಾಶಿಯ ಹಿಂದೆ ಸೇರಿತು. ನಾನು ಅಂಗಳಕ್ಕೆ ಓಡಿದೆ. ಮೋಡದ ಒಂದು ಚೂರೂ ಇಲ್ಲ, ಬಿಸಿಲು ಸುಡುತ್ತಿತ್ತು. ಹೊಳೆಯ ಆಚೆ ಅವ್ವನ ಮನೆಯಲ್ಲೂ ಯಾರೋ ಹೊರಗೆ ಬಂದು ಹಣೆಗೆ ಕೈಯಿಟ್ಟು ಮೇಲೆ ನೋಡುತ್ತಿದ್ದರು. ಸೆರಗು ನೋಡಿದರೆ ಅವ್ವನೇ ಇರಬೇಕು.

ಈ ಪುಸ್ತಕ ಓದುವವಳು ನಾನೊಬ್ಬಳೇ, ಆದ್ದರಿಂದ ಸುಳ್ಳು ಬರೆಯುವುದಿಲ್ಲ. ಅಂಗಳದಲ್ಲಿ ನಿಂತು ನಾನು ಎರಡನೆಯ ಶಬ್ದಕ್ಕೆ ಕಾದೆ. ಕಿವಿ ನಿಮಿರಿಸಿ ಕಾದೆ. ಬರಲಿಲ್ಲ. ಒಂದೇ.

ಜನವರಿ 10

ಫೋನಿಗೆ ಬಿಡುವೇ ಇಲ್ಲ! ಪುತ್ತೂರು, ಸುಳ್ಯ, ಕಡಬ, ಮೂರು ತಾಲೂಕಿಗೂ ಒಂದೇ ಹೊತ್ತಿಗೆ ಕೇಳಿಸಿದೆಯಂತೆ. ಮಗಳು ಮೋಕ್ಷಿತಾ ಪುತ್ತೂರಿನ ಕಾಲೇಜಿಂದ ಬಂದವಳು ಚಪ್ಪಲಿ ಬಿಚ್ಚುವ ಮೊದಲೇ ಶುರು ಮಾಡಿದಳು. ಕುಂಬ್ರದಲ್ಲಿ ಅವಳ ಗೆಳತಿ ತನ್ಮಯೀಯ ಮನೆಯ ಕಿಟಕಿ ಗಾಜು ಬಿರುಕು ಬಿಟ್ಟಿದೆಯಂತೆ.

"ಅಮ್ಮಾ, ಅದು ಶಬ್ದಕ್ಕಿಂತ ಜೋರಾಗಿ ಹೋಗುವ ವಿಮಾನ."

"ಎಂತ ವಿಮಾನ? ಎಲ್ಲೋ ಕಲ್ಲಿನ ಕೋರೆಯಲ್ಲಿ ಮದ್ದು ಇಟ್ಟದ್ದು" ಎಂದರು ಇವರು, ಅಡಿಕೆ ಹರಡುತ್ತಲೇ.

ಬೆಳ್ಳಾರೆಯ ಆಟೋ ಸ್ಟ್ಯಾಂಡಿನಲ್ಲಿ ಪೋಕರ್ ಕಾಕ ಮಾತ್ರ ಭೂಮಿ ಒಳಗೆ ಬಿರಿಯುತ್ತಿದೆ ಎಂದು ಹೇಳಿ ಎಲ್ಲರನ್ನೂ ಹೆದರಿಸಿದ್ದಾರಂತೆ. ಗ್ರೂಪಿನಲ್ಲಿ ಯಾರೋ ಉಲ್ಕೆ ಬಿದ್ದದ್ದು ಎಂದು ಫೋಟೋ ಹಾಕಿದರು. ಆ ಫೋಟೋದಲ್ಲಿ ಹಿಮ ಕಾಣುತ್ತಿತ್ತು. ಬೆಳ್ಳಾರೆಯಲ್ಲಿ ಹಿಮ! ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ.

ಅತ್ತೆಯನ್ನು ಕೇಳಿದೆ. "ಮೇಲೆ ನನಗೆ ಮಂಚ ಎಳೆದು ಸರಿಮಾಡುದಾಗಿರಬೇಕು" ಎಂದರು. ಸೊಂಟ ಮುರಿದು ಮೂರು ತಿಂಗಳಾಯಿತು. ಎಂಬತ್ತನಾಲ್ಕು ವರ್ಷಕ್ಕೆ ಇನ್ನೇನೂ ಮಾಡಲು ಬರುವುದಿಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿದರು. ಬಾಯಿಗೆ ಮಾತ್ರ ಏನೂ ಆಗಿಲ್ಲ. ಗಂಜಿಗೆ ಉಪ್ಪು ಹೆಚ್ಚು, ದಿಂಬು ಗಟ್ಟಿ, ಪ್ರೇಮಾವತಿಯ ಕೈ ಒರಟು. ಒರಟು ಕೈಯಿಂದಲೇ ಮೂರು ತಿಂಗಳಿಂದ ಅಂಗಳ ದಾಟದೆ ಮಾಡುತ್ತಿದ್ದೇನೆ, ಅದು ಲೆಕ್ಕಕ್ಕೇ ಇಲ್ಲ!

ಜನವರಿ 13

ಮತ್ತೆ ಬಂತು! ಮಧ್ಯಾಹ್ನ ಎರಡೂವರೆಗೆ. ಈ ಸಲ ನೆಲವೂ ಅದುರಿತು, ಬೆಕ್ಕು ಹಂಚಿನ ಮೇಲಿಂದ ಹಾರಿತು. ಅಂಗಳಕ್ಕೆ ಓಡಿ ಎಣಿಸಿದೆ. ಒಂದೇ. ಮುಖ ಚಪ್ಪೆಯಾಯಿತು, ಒಳಗೆ ಬಂದೆ.

ನನ್ನ ಮುಖ ಯಾಕೆ ಚಪ್ಪೆಯಾಗಬೇಕು ಎಂದು ಬರೆದೇ ಬಿಡುತ್ತೇನೆ. ನಮ್ಮ ಗೌಡರ ಮನೆಗಳಲ್ಲಿ ಸಾವಾದರೆ ಕೋವಿಯಿಂದ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸಬೇಕು. ಜೋಡು ಗುಂಡು ಕೇಳಿದರೆ ಊರಿನವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಹದಿಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ತವರಿನಲ್ಲಿ ಕೋವಿ ಇರಲಿಲ್ಲ. ಅವ್ವ ಈ ಮನೆಗೆ ಜನ ಕಳಿಸಿ ಕೇಳಿದಳು. ಮಾವ ತುಟಿ ಬಿಚ್ಚಲಿಲ್ಲ. ಅತ್ತೆ ಬಾಗಿಲಿಗೆ ಅಡ್ಡ ನಿಂತು "ನಮ್ಮ ಕೋವಿ ಕೊಡುದಿಲ್ಲ" ಎಂದರು. ಕಾರಣ ಇಲ್ಲ, ಏನಿಲ್ಲ. ನಾನು ಆಗ ಹೆಣದ ಪಕ್ಕ ಕೂತಿದ್ದೆ. ಅಪ್ಪ ಗುಂಡಿಲ್ಲದೆ ಹೋದರು.

ಉತ್ತರಕ್ರಿಯೆ ಕಳೆದ ಮರುದಿನ ಅವ್ವ ಇದೇ ಅಂಗಳಕ್ಕೆ ಬಂದು ಅತ್ತೆಯ ಮುಖಕ್ಕೇ ಹೇಳಿದಳು: "ಅಕ್ಕಾ, ನಿನ್ನ ಜೋಡು ಗುಂಡು ನನ್ನ ಕಿವಿಗೆ ಬಿದ್ದ ದಿನವೇ ನಾನು ಇನ್ನು ಈ ಅಂಗಳ ತುಳಿಯುದು."

ಅವ್ವ ಆಡಿದ ಮಾತು ತಪ್ಪುವವಳಲ್ಲ. ಮಾವ ತೀರಿಕೊಂಡಾಗಲೂ ಬರಲಿಲ್ಲ, ಮೋಕ್ಷಿತಾ ದೊಡ್ಡವಳಾದಾಗಲೂ ಬರಲಿಲ್ಲ. ನಾನೇ ಹೊಳೆ ದಾಟಿ ಹೋಗಿ ನೋಡಿ ಬರುತ್ತಿದ್ದೆ. ಈಗ ಮೂರು ತಿಂಗಳಿಂದ ಅದೂ ಇಲ್ಲ. ಎಪ್ಪತ್ತೈದರ ಅವ್ವನಿಗೆ ಫೋನಿನಲ್ಲಿ ಹೇಳಿದ್ದು ಅರ್ಧ ಕೇಳಿಸುವುದಿಲ್ಲ. ಅಂದರೆ ಅವ್ವ ನನ್ನ ಮನೆಗೆ ಬರಬೇಕಾದರೆ ಅತ್ತೆ ಹೋಗಬೇಕು. ಇಂಥ ಲೆಕ್ಕವನ್ನು ದೇವರು ಯಾವ ಹೆಣ್ಣಿಗೂ ಕೊಡಬಾರದು.

ಇವತ್ತು ಇವರು ಕೋವಿಯನ್ನು ಠಾಣೆಯಲ್ಲಿಟ್ಟು ಬಂದರು. ಪಂಚಾಯತ್ ಎಲೆಕ್ಷನ್ ಅಲ್ಲವೇ, ಎಲ್ಲರ ಕೋವಿಯೂ ಠಾಣೆ ಸೇರಬೇಕು. ಎರಡು ವರ್ಷಕ್ಕೊಂದು ಎಲೆಕ್ಷನ್ ಬರುತ್ತದೆ, ನಮ್ಮ ಕೋವಿಗೆ ಠಾಣೆಯೇ ತವರುಮನೆ! ನನಗಿಂತ ಹೆಚ್ಚು ಸಲ ಅದು ತವರಿಗೆ ಹೋಗಿ ಬಂದಿದೆ. ಅತ್ತೆ ಒಂದೇ ಸಮನೆ ಕೇಳುತ್ತಿದ್ದರು: "ಅಚ್ಚುತ ರಸೀದಿ ತಂದನಾ? ರಸೀದಿ ಜೋಪಾನ. ಎಲೆಕ್ಷನ್ ಮುಗಿದ ಕೂಡ್ಲೇ ಬಿಡಿಸಿ ತರಬೇಕು ಆಯ್ತಾ." ನಾಲ್ಕು ಸಲ ಕೇಳಿದರು. ಐದನೆಯ ಸಲಕ್ಕೆ ನನಗೆ ರೇಗಿತು. ರಸೀದಿ ತಂದು ಕಣ್ಣಿನ ಮುಂದೆ ಹಿಡಿದೆ.

ಜನವರಿ 16

ಅತ್ತೆ ಇವತ್ತು ಆಡಿದ ಮಾತು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಲೆ ಬಾಚುತ್ತಿದ್ದೆ.

"ಪ್ರೇಮಾ, ಆಕಾಶದ್ದು ಯಾವಾಗಲೂ ಒಂದೇ ಬರುದಾ?"

"ಹೌದು, ಒಂದೇ."

"ಎರಡು ಬಂದಿದ್ದರೆ ನಿನ್ನ ಅವ್ವ ಬರ್ತಿದ್ದಳು."

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ನಾನು ಅಂಗಳದಲ್ಲಿ ನಿಂತು ಎಣಿಸುವುದನ್ನು ಈ ಮುದುಕಿ ಕಿಟಕಿಯಿಂದ ನೋಡುತ್ತಿದ್ದರೇ? ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಅಚ್ಚುತನ ಹತ್ರ ಎರಡು ಗರ್ನಾಲು ತರಿಸು. ಹಿತ್ತಿಲಲ್ಲಿ ಹೊಡೆಯಲಿ. ಅವಳು ಬರಲಿ, ಒಂದು ಮಾತು ಹೇಳುದುಂಟು ಅವಳಿಗೆ."

"ಎಂತ ಮಾತು?"

"ನಿನಗಲ್ಲ, ಅವಳಿಗೆ."

ನಾನು ಕಾಯಿ ತುರಿಯುವಾಗಲೂ ಅದನ್ನೇ ಯೋಚಿಸಿದೆ. ಮಾಡಿದರೇನು? ಎರಡು ಪಟಾಕಿ, ಅವ್ವ ಬಂದಾಯಿತು! ಸಂಜೆ ಇವರಿಗೆ ಹೇಳಿದೆ. "ಜೀವ ಇರುವಾಗ ಜೋಡು ಗುಂಡಾ? ನಾಲಗೆ ಕಚ್ಚಿಕೊ ಮಾರಾಯ್ತಿ! ಅಮ್ಮನಿಗಂತೂ ಅರಳುಮರುಳು, ನಿನಗೆಂತ ಆಗಿದೆ?" ಎಂದು ಬೈದರು. ಬೈಸಿಕೊಂಡದ್ದು ಸರಿಯೇ. ಆದರೂ ಅತ್ತೆಯದ್ದು ಅರಳುಮರುಳಲ್ಲ. ಆ ಕಣ್ಣು ನಾನು ನೋಡಿದ್ದೇನೆ.

ಜನವರಿ 18, ಭಾನುವಾರ

ಬೆಳಿಗ್ಗೆ ಆರು ನಲವತ್ತಕ್ಕೆ ಮೂರನೆಯದು! ದೋಸೆ ಕಾವಲಿಯ ಮೇಲೆಯೇ ಬಿಟ್ಟು ಅತ್ತೆಯ ಕೋಣೆಗೆ ಓಡಿದೆ. ಅತ್ತೆ ಕಣ್ಣು ತೆರೆದು "ಇದ್ದೇನೆ ಮಾರಾಯ್ತಿ, ಹೋಗು, ದೋಸೆ ಕರಟಿತು" ಎಂದರು. ಅಂಗಳಕ್ಕೆ ಹೋಗಲು ಮರೆತೇ ಹೋಯಿತು. ಒಂದೇ ಬಂದದ್ದು ಎಂದು ಆಮೇಲೆ ಮೋಕ್ಷಿತಾ ಹೇಳಿದಳು.

ಹತ್ತು ಗಂಟೆಗೆ ಟಿವಿಯವರು ಎರಡು ಬೈಕಿನಲ್ಲಿ ಬಂದರು. ಮೈಕ್ ಕಂಡದ್ದೇ ತಡ, ಎಲ್ಲಿತ್ತೋ ಧೈರ್ಯ, ನಾನು ಸೂಜಿ ತುಂಡಾದದ್ದರಿಂದ ಹಿಡಿದು ಕರಟಿದ ದೋಸೆಯ ತನಕ ಹೇಳಿಬಿಟ್ಟೆ! ಅಧಿಕಾರಿಗಳೂ ಬಂದು ನೋಡಿ ಹೋಗಿದ್ದಾರಂತೆ. ಏನೆಂದು ಯಾರಿಗೂ ಗೊತ್ತಿಲ್ಲ. ಕೋರೆಯಲ್ಲಿ ವಾರದಿಂದ ಕೆಲಸವೇ ಇಲ್ಲವಂತೆ. ಅದನ್ನು ಇವರಿಗೆ ನಾಲ್ಕು ಸಲ ಹೇಳಿದೆ.

ಜನವರಿ 20

ಅತ್ತೆಗೆ ಜ್ವರ. ನೂರ ಮೂರು.

ಜನವರಿ 21

ಇಳಿದಿಲ್ಲ. ಗಂಜಿಗೆ ಉಪ್ಪು ಹೆಚ್ಚು ಎನ್ನಲಿ ಎಂದು ಬೇಕೆಂದೇ ಒಂದು ಕಲ್ಲು ಹೆಚ್ಚು ಹಾಕಿದೆ. ಏನೂ ಹೇಳಲಿಲ್ಲ.

ಜನವರಿ 22

ಡಾಕ್ಟರು ಬಂದು ಹೋದರು. ಇವತ್ತು ನಾಳೆ ನೋಡಿ ಎಂದರು. ಸುದ್ದಿ ಊರಿಡೀ ಹೋಗಿದೆ. ಹೊಳೆಯ ಆಚೆಗೂ ಹೋಗಿರಬೇಕು. ಅಣ್ಣನ ಮಗ ರೂಪೇಶ್ ಎರಡು ಸಲ ಫೋನ್ ಮಾಡಿ "ಅಜ್ಜಿ ಕೇಳ್ತಾ ಉಂಟು" ಎಂದ. ಏನು ಕೇಳುತ್ತಾಳೆ ಅವ್ವ? ಸತ್ತರಾ ಎಂದೇ? ಸಿಟ್ಟು ಬಂದು ಫೋನ್ ಇಟ್ಟೆ.

ಜನವರಿ 23

ಬೆಳಗಿನ ಜಾವ ಅತ್ತೆ ಬೆವರಿದರು. ಜ್ವರ ಬಿಟ್ಟಿತು! "ಈ ಗಂಜಿಗೆ ಉಪ್ಪಿನ ಗೋಣಿ ಬಗ್ಗಿಸಿದ್ದಾ?" ಎಂದರು. ನನ್ನ ದೇವರೇ, ಅಷ್ಟು ಸಂತೋಷ ಆಯಿತು!

ಜನವರಿ 24, ಶನಿವಾರ

ಎಲ್ಲಿಂದ ಶುರು ಮಾಡಲಿ! ಆದರೂ ಒಂದೂ ಬಿಡದೆ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ ಇತ್ತು. ಧಡಾಲ್! ಲೋಟಗಳ ಗಲಗಲ ನಿಲ್ಲುವ ಮೊದಲೇ ಇನ್ನೊಂದು, ಧಡಾಲ್!

ಎರಡು! ನಾನು ಅತ್ತೆಯ ಕೋಣೆಗೆ ಓಡಿದೆ. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ಮೂಗಿನ ಹತ್ತಿರ ಕೈ ಹಿಡಿದೆ. ಏನೂ ತಿಳಿಯಲಿಲ್ಲ. ಇನ್ನೂ ಹತ್ತಿರ ಒತ್ತಿ ಹಿಡಿದೆ.

"ಮೂಗು ಬಿಡು! ಶಬ್ದಕ್ಕೆ ಸಾಯದಿದ್ದರೂ ನಿನ್ನ ಕೈಯಲ್ಲಿ ಸಾಯ್ತೇನೆ" ಎಂದರು. ನಾನು ಮಂಚದ ಅಂಚಿನಲ್ಲಿ ಕುಸಿದು ಕೂತು ಹೋ ಎಂದು ಅತ್ತುಬಿಟ್ಟೆ. ಆಮೇಲೆ ನಗು ಬಂತು.

ಹದಿನೈದು ನಿಮಿಷ ಆಗಿರಲಿಲ್ಲ, ಮೇಲಿನ ಮನೆಯ ಹರಿಪ್ರಸಾದ್ ಮರ ಕೊಯ್ಯುವ ಮೆಷಿನ್ ಹೆಗಲಿಗೆ ಹಾಕಿಕೊಂಡು ಬಂದ. ಇನ್ನೊಂದು ಹೆಗಲ ಮೇಲೆ ಮೈ ಒರೆಸುವ ಬೈರಾಸು, ಮುಖ ಕೆಳಗೆ. "ಅಕ್ಕಾ, ಧೈರ್ಯ ತಂದುಕೊಳ್ಳಿ. ಮಾವಿನ ಮರ ಯಾವುದು, ಆ ಬೇಲಿ ಬದಿಯದ್ದಾ?" ಎಂದ. ಚಿತೆಗೆ!

ಒಳಗಿನಿಂದ ಅತ್ತೆಯ ದನಿ ಬಂತು: "ಯಾರದು ಹರಿಯಾ? ಆ ಕಾಟುಮಾವು ಮುಟ್ಟಿದರೆ ಕಾಲು ಮುರಿದೇನು! ಹೂ ಬಿಟ್ಟದ್ದು ಕಾಣುದಿಲ್ಲವಾ? ಉಪ್ಪಿನಕಾಯಿಗೆ ಮಿಡಿ ಎಲ್ಲಿಂದ ತರುದು?"

ಹರಿ ಮೆಷಿನ್ ಕೆಳಗಿಟ್ಟು ಅಲ್ಲೇ ಕೂತ.

ಅಷ್ಟರಲ್ಲಿ ಅಂಗಳ ತುಂಬತೊಡಗಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ, ಹಾಗಾಯಿತು! ಪೋಕರ್ ಕಾಕ ಆಟೋದಲ್ಲಿ ನಾಲ್ಕು ಜನರನ್ನು ತಂದು ಇಳಿಸಿದರು. ಎರಡು ವಾರದಿಂದ ಆಕಾಶದ ಶಬ್ದ ಕೇಳುತ್ತಿದ್ದವರೇ ಎಲ್ಲರೂ. ಆದರೆ ಅದು ಯಾವಾಗಲೂ ಒಂದೇ ಬರುವುದಲ್ಲವೇ? ಎರಡು ಕೇಳಿದ ಮೇಲೆ, ಅದೂ ಇಲ್ಲಿ ಜ್ವರ ಜೋರು ಎಂದು ಗೊತ್ತಿದ್ದ ಮೇಲೆ, ಯಾರು ಮೇಲೆ ನೋಡುತ್ತಾರೆ? ಕೋವಿಗಳೆಲ್ಲ ಠಾಣೆಯಲ್ಲಿವೆ ಎಂಬುದು ಕೂಡ ಯಾರಿಗೂ ನೆನಪಾಗಲಿಲ್ಲ.

ಅತ್ತೆಗೋ ಹಬ್ಬ! ಎತ್ತಿ ಕೂರಿಸು, ಒಳ್ಳೆಯ ಸೀರೆ ಹೊದಿಸು ಎಂದರು. ಒಬ್ಬೊಬ್ಬರೇ ಬಾಗಿಲಿಗೆ ಬಂದು ಇಣುಕುವುದು, ಹೌಹಾರುವುದು. "ಬಂದೆಯಾ? ನಾನು ಸಾಯದೆ ನೀನು ಈ ಕಡೆ ತಲೆ ಹಾಕುದಿಲ್ಲ ಅಲ್ವಾ? ಚಾ ಕುಡಿದು ಹೋಗು" ಎಂದು ಎಲ್ಲರಿಗೂ ಒಂದೊಂದು ಏಟು. ಸಾವಿನ ಮನೆಗೆಂದು ಹೊರಟು ಬಂದಾಗಿದೆ, ಈಗ ಮನೆಗೆ ಹೋಗಿ ಮೀಯಬೇಕಾ ಬೇಡವಾ ಎಂದು ಅಂಗಳದಲ್ಲಿ ದೊಡ್ಡ ಚರ್ಚೆ. ನಾನು, ಮೋಕ್ಷಿತಾ ಐವತ್ತು ಲೋಟ ಚಾ ಮಾಡಿದೆವು.

ಆಗ ಕೇಳಿತು. ಹೊಳೆಯ ಕಡೆಯಿಂದ, "ಅಕ್ಕಾ... ನನ್ನ ಅಕ್ಕಾ..." ಎಂಬ ಅಳು.

ಅವ್ವ! ರೂಪೇಶನ ತೋಳು ಹಿಡಿದು, ಮಂಡಿ ಬಗ್ಗದ ಕಾಲು ಎಳೆಯುತ್ತಾ, ಸೆರಗು ಬಾಯಿಗೆ ಒತ್ತಿಕೊಂಡು ಬರುತ್ತಿದ್ದಳು. ಹದಿಮೂರು ವರ್ಷದ ಮೇಲೆ ನನ್ನ ಅವ್ವ ನನ್ನ ಅಂಗಳದಲ್ಲಿ! ನಾನು ಚಾದ ತಟ್ಟೆ ಹಿಡಿದುಕೊಂಡು ಮರದ ಹಾಗೆ ನಿಂತೆ. ಜನ ದಾರಿ ಬಿಟ್ಟರು. ಯಾರೊಬ್ಬರಿಗೂ ಹೇಳಲು ಬಾಯಿ ಬರಲಿಲ್ಲ.

ಅವ್ವ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಒಳಗೆ ಅತ್ತೆ ಚಾಕ್ಕೆ ಬಿಸ್ಕಿಟ್ ಅದ್ದುತ್ತಿದ್ದರು.

ಅಳು ಅರ್ಧಕ್ಕೇ ನಿಂತಿತು. "ಯಾರು ಹಾರಿಸಿದ್ದು?" ಎಂದಳು ಅವ್ವ. ದನಿ ಏರಿತು. "ಯಾರು ಗುಂಡು ಹಾರಿಸಿದ್ದು? ನನ್ನನ್ನು ಮಂಗ ಮಾಡಿದ್ದಾ? ಪ್ರೇಮಾ, ನೀನೂ ಸೇರಿದ್ದಾ? ರೂಪೇಶಾ, ನಡಿ!"

ನಾನು ತಟ್ಟೆ ಬಿಸಾಡಿ ಹೊಸಿಲಿಗೆ ಅಡ್ಡ ನಿಂತೆ. "ಹೋಗುದಾದರೆ ನನ್ನನ್ನು ತುಳಿದುಕೊಂಡು ಹೋಗು" ಎಂದೆ. ಜೀವಮಾನದಲ್ಲಿ ಅವ್ವನಿಗೆ ಎದುರಾಡಿದವಳಲ್ಲ. ಇವರು ಓಡಿ ಬಂದು ಅವ್ವನಿಗೆ ರಸೀದಿ ತೋರಿಸಿದರು. "ಅತ್ತೆ, ದೇವರಾಣೆಗೂ ನಾವಲ್ಲ. ಅದು ಆಕಾಶದ್ದು. ನಮ್ಮ ಕೋವಿ ಠಾಣೆಯಲ್ಲಿ ಉಂಟು, ನೋಡಿ ಬೇಕಾದರೆ."

ಆಗ ಅತ್ತೆ ಲೋಟ ಕೆಳಗಿಟ್ಟರು. "ಅಂದೂ ಅಲ್ಲೇ ಇತ್ತು, ಪೂವಾ" ಎಂದರು.

ಅವ್ವನನ್ನು ಪೂವಾ ಎಂದು ಕರೆಯುವವರು ಈಗ ಬೇರೆ ಯಾರೂ ಉಳಿದಿಲ್ಲ. ಅವ್ವ ತಿರುಗಿದಳು.

"ಎಂತ ಹೇಳಿದೆ?"

"ನಿನ್ನ ಗಂಡ ಹೋದಾಗ ನಮ್ಮ ಕೋವಿಯೂ ಠಾಣೆಯಲ್ಲೇ ಇತ್ತು. ಅದರ ಮೊದಲಿನ ಎಲೆಕ್ಷನಿಗೆ ಇಟ್ಟದ್ದು, ಅಚ್ಚುತನ ಅಪ್ಪ ಬಿಡಿಸಿ ತಂದಿರಲಿಲ್ಲ. ಲೈಸೆನ್ಸಿನ ವಾಯಿದೆ ಮುಗಿದು ಹೋಗಿತ್ತು. ಊರಿಗೆಲ್ಲ ದೊಡ್ಡ ಬೇಟೆಗಾರ, ಕೋವಿ ಕಳಕೊಂಡೆ ಅಂತ ಹೇಳುದು ಹೇಗೆ? ಅಟ್ಟದಲ್ಲಿ ಬರೇ ಪೆಟ್ಟಿಗೆ ಇದ್ದದ್ದು, ಮಗನಿಗೂ ಗೊತ್ತಿಲ್ಲ. ಮರುವರ್ಷ ದಂಡ ಕಟ್ಟಿ ಗುಟ್ಟಲ್ಲಿ ಬಿಡಿಸಿ ತಂದರು. ನನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿದರು, ಯಾರಿಗೂ ಹೇಳಬಾರದು ಅಂತ. ಕೊಡುದಿಲ್ಲ ಅಂದೆ. ಇಲ್ಲ ಅನ್ನುದಕ್ಕೆ ಆಗಲಿಲ್ಲ."

ಇವರ ಮುಖ ನೋಡಬೇಕಿತ್ತು! ಬಾಯಿ ತೆರೆದದ್ದು ಮುಚ್ಚಲಿಲ್ಲ. ಹದಿಮೂರು ವರ್ಷ ನಾನು ಈ ಮುದುಕಿಯನ್ನು ಮನಸ್ಸಿನಲ್ಲಿ ಬೈದದ್ದೆಷ್ಟು. ಮಾವನ ಫೋಟೋಕ್ಕೆ ನಾಳೆಯಿಂದ ಹೂ ಇಡುವವಳಲ್ಲ ನಾನು, ಬೇಕಾದರೆ ಇವರೇ ಇಡಲಿ.

ಅವ್ವ ಕೋಣೆಯೊಳಗೆ ಬಂದಳು. ಆಮೇಲೆ ಮೆಲ್ಲಗೆ ಹೇಳಿದಳು: "ಆದರೂ ಅವರು ಗುಂಡಿಲ್ಲದೆ ಹೋದರು ಅಕ್ಕಾ."

"ಇವತ್ತು ಹೊಡೆಯಿತಲ್ಲ" ಎಂದರು ಅತ್ತೆ. "ನಾನು ಸಾಯಲಿಲ್ಲ. ಆ ಗುಂಡು ದಂಡ ಆಗಬಾರದು. ನಿನ್ನ ಗಂಡನದ್ದು ಅಂತ ಇಟ್ಟುಕೊ. ಮೂರು ತಾಲೂಕಿಗೆ ಕೇಳಿತು ಪೂವಾ! ಯಾರ ಕೋವಿಗೆ ಸಾಧ್ಯ ಉಂಟು?"

ಅವ್ವ ಮಂಚದಲ್ಲಿ ಕೂತಳು. ಈಗ ಬಂದ ಅಳು ಬೇರೆಯೇ. ಅಂಗಳದಲ್ಲಿ ಪೋಕರ್ ಕಾಕ ತಲೆ ತಗ್ಗಿಸಿ ನಿಂತಿದ್ದರು. ಹರಿಪ್ರಸಾದ್ ಬೈರಾಸಿನಿಂದ ಕಣ್ಣು ಒರೆಸಿಕೊಂಡ. ಹದಿಮೂರು ವರ್ಷ ತಡವಾಗಿ ನನ್ನ ಅಪ್ಪನ ಸಾವಿಗೆ ಊರು ಬಂದು ಸೇರಿತ್ತು. ಚಾ ಕುಡಿದ ಲೋಟ ಇನ್ನೂ ತೊಳೆದಿಲ್ಲ.

ಜನವರಿ 27

ಅವ್ವ ಇನ್ನೂ ಇಲ್ಲೇ ಇದ್ದಾಳೆ! ಮಂಡಿ ನೋವು, ಹೊಳೆಯ ಕಾಲುಸಂಕ ದಾಟಲು ಆಗುವುದಿಲ್ಲ ಎನ್ನುತ್ತಾಳೆ. ಬರುವಾಗ ಹೇಗೆ ದಾಟಿದಳು ಎಂದು ಯಾರೂ ಕೇಳಲಿಲ್ಲ. ಅತ್ತೆಯ ಮಂಚದ ಪಕ್ಕದಲ್ಲೇ ಚಾಪೆ. ಹಗಲೆಲ್ಲ ಇಬ್ಬರದ್ದೂ ಜಗಳ. ಗಂಜಿಗೆ ಉಪ್ಪು ಕಡಿಮೆ ಎಂದು ಒಬ್ಬರು, ಹೆಚ್ಚು ಎಂದು ಒಬ್ಬರು. ಅತ್ತೆಗೆ ಈಗ ಅವ್ವನೇ ಊಟ ಮಾಡಿಸಬೇಕು. "ಪ್ರೇಮನ ಕೈ ಒರಟು" ಎಂದು ಅವ್ವನಿಗೂ ಚಾಡಿ. ನನ್ನ ಅವ್ವ ಹೌದೆಂದು ತಲೆಯಾಡಿಸುತ್ತಾಳೆ! ಇದಕ್ಕೇನಾ ನಾನು ಹದಿಮೂರು ವರ್ಷ ಕಾದದ್ದು?

ಆರು ಬ್ಲೌಸ್ ಹೊಲಿದೆ. ಟಿವಿಯಲ್ಲಿ ನಾನು ಬಂದದ್ದು ನಾಲ್ಕು ಸೆಕೆಂಡ್, ಅದೂ ದೋಸೆಯ ಭಾಗ ಮಾತ್ರ.

ಫೆಬ್ರವರಿ 3, ಮಂಗಳವಾರ

ಶಬ್ದ ನಿಂತೇ ಹೋಯಿತು ಎಂದು ಮೋಕ್ಷಿತಾ ಬೇಸರ ಮಾಡುತ್ತಿದ್ದಳು. ಅದು ಯಾವುದೆಂದು ಇನ್ನೂ ಯಾರಿಗೂ ಗೊತ್ತಾಗಿಲ್ಲ. ಇವರು ಈಗ ಕೋರೆ ಬಿಟ್ಟು ವಿಮಾನಕ್ಕೆ ಬಂದಿದ್ದಾರೆ, ಮಗಳು ವಿಮಾನ ಬಿಟ್ಟು ಭೂಕಂಪಕ್ಕೆ ಹೋಗಿದ್ದಾಳೆ.

ಸಂಜೆ ನಾಲ್ಕು ಹತ್ತಕ್ಕೆ ನಾನು ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ, ಅವ್ವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಳು. ಧಡಾಲ್!

ಮೂವರೂ ಇದ್ದ ಹಾಗೇ ಇದ್ದೆವು. ಅವ್ವ ಅತ್ತೆಯ ಕೈ ಹಿಡಿದಳು, ನಾನು ಕಾಲು ಹಿಡಿದೇ ಇದ್ದೆ. ಅಡುಗೆಮನೆಯಲ್ಲಿ ಲೋಟಗಳು ಗಲಗಲ ಎಂದು ಒಂದೊಂದಾಗಿ ನಿಂತವು. ನಾಯಿ ಬೊಗಳಿ ಸುಮ್ಮನಾಯಿತು. ನನಗೆ ಉಸಿರು ತೆಗೆಯಲೂ ಹೆದರಿಕೆ. ಬೇಡ, ಬೇಡ, ಬೇಡ ಎಂದು ಬಾಯಲ್ಲೇ ಅಂದುಕೊಂಡೆ. ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು.

"ಕಾಲು ಬಿಡು ಮಾರಾಯ್ತಿ, ನೋವಾಗುತ್ತದೆ" ಎಂದರು ಅತ್ತೆ.

ಒಂದೇ! ಒಂದೇ ಬಂದದ್ದು!